ಗೇಟಿನೊಳಗೆ ಉಳಿದ ಪುಸ್ತಕಗಳು

ಮಂಗಳೂರಿನ ಕೂಳೂರು ಸೇತುವೆ ದಾಟಿ ಪಣಂಬೂರು, ಬೈಕಂಪಾಡಿ, ಸುರತ್ಕಲ್ ಕಡೆಗೆ ಹೋಗುವ ಯಾವ ಬಸ್ಸಿನಲ್ಲಾದರೂ ಬೆಳಗಿನ ಪಾಳಿಯವರ ಪಕ್ಕ ಕುಳಿತು ಮಾತು ತೆಗೆಯಿರಿ. ಕಾರ್ಮಿಕ ಕಾನೂನಿನಲ್ಲಿ ಅವರೆಲ್ಲರಿಗೂ ಬಾಯಿಪಾಠವಾಗಿರುವ ಸಂಗತಿ ಒಂದೇ: 240 ದಿನ ದುಡಿದರೆ ಪರ್ಮನೆಂಟ್ ಮಾಡಲೇಬೇಕು. ಸೂಪರ್‌ವೈಸರ್‌ಗಳೂ ಇದನ್ನೇ ನಂಬಿದ್ದಾರೆ. ಗುತ್ತಿಗೆದಾರರಂತೂ ಎಷ್ಟು ಗಟ್ಟಿಯಾಗಿ ನಂಬಿದ್ದಾರೆಂದರೆ, ಏಳನೆಯ ತಿಂಗಳು ತುಂಬುತ್ತಿದ್ದಂತೆ "ನಾಲ್ಕು ದಿನ ಮನೆಯಲ್ಲಿದ್ದು ಬಾ" ಎಂದು ಕಳುಹಿಸಿಬಿಡುತ್ತಾರೆ.

ಕಾನೂನಿನಲ್ಲಿ ಹಾಗೆ ಎಲ್ಲಿಯೂ ಬರೆದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿದ್ದು ಇಷ್ಟು: ಹನ್ನೆರಡು ತಿಂಗಳ ಅವಧಿಯಲ್ಲಿ 240 ದಿನ ಕೆಲಸ ಮಾಡಿದವನನ್ನು ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವನೆಂದು ಎಣಿಸಬೇಕು, ಅಂಥವನನ್ನು ತೆಗೆದುಹಾಕುವ ಮುನ್ನ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಕಾಯಂ ಮಾಡಬೇಕೆಂಬ ಮಾತೇ ಅಲ್ಲಿಲ್ಲ. ನಾಲ್ಕು ದಿನದ ಬಿಡುವೂ ವ್ಯರ್ಥ ಕಸರತ್ತು, ಏಕೆಂದರೆ ಆ 240 ದಿನ ಒಂದೇ ಸರಪಳಿಯಲ್ಲಿ ಇರಬೇಕಾಗಿಲ್ಲ. ಇಲ್ಲದ ಕಾನೂನಿಗೆ ಹೆದರಿ ಒಬ್ಬ ರಜೆ ಕೊಡಿಸುತ್ತಾನೆ, ಇಲ್ಲದ ಕಾನೂನನ್ನು ನೆಚ್ಚಿ ಇನ್ನೊಬ್ಬ ದಿನ ಎಣಿಸುತ್ತಾನೆ. ಹೊಸೂರಿನ ಗಡಿ ದಾಟಿದರೆ ಕಥೆ ಬೇರೆ. ತಮಿಳುನಾಡು 1981ರಲ್ಲಿಯೇ ಒಂದು ಕಾಯ್ದೆ ಮಾಡಿ, 24 ತಿಂಗಳಲ್ಲಿ 480 ದಿನ ದುಡಿದ ಕೈಗಾರಿಕಾ ಕಾರ್ಮಿಕನಿಗೆ ಕಾಯಂ ಸ್ಥಾನ ಕೊಡಬೇಕೆಂದು ಹೇಳಿತು. ನಮ್ಮ ರಾಜ್ಯದಲ್ಲಿ ಅಂಥ ಕಾಯ್ದೆ ಬರಲಿಲ್ಲ, ಅದರ ವದಂತಿ ಮಾತ್ರ ಬಂದಿತು.

ನಾನು ವಕೀಲನಲ್ಲ. ಬ್ಯಾಂಕಿನಲ್ಲಿ ಲೆಡ್ಜರು, ವೋಚರುಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ಈಗ ಸಂಜೆ ಹೊತ್ತು ಹಂಪನಕಟ್ಟೆಯ ಹತ್ತಿರ ಮಹಡಿಯ ಮೇಲಿನ ಒಂದು ಯೂನಿಯನ್ ಕೋಣೆಯಲ್ಲಿ ಕುಳಿತು, ಬಂದವರ ಕಾಗದ ಓದಿ ಹೇಳುತ್ತೇನೆ. ಕಾಗದದ ಮೇಲಿನ ನಂಬಿಕೆ ಬ್ಯಾಂಕಿನವರಿಗೆ ರಕ್ತಗತ. ನಮೂದಿಲ್ಲದ್ದು ನಡೆದೇ ಇಲ್ಲ ಎಂದು ನಾವು ಹೇಳುತ್ತಿದ್ದೆವು. ಗುತ್ತಿಗೆ ಕಾರ್ಮಿಕರ ಮೊಕದ್ದಮೆಗಳನ್ನು ಹತ್ತಿರದಿಂದ ನೋಡಿದ ಮೇಲೆ ಆ ಮಾತು ಎಷ್ಟು ಕ್ರೂರವಾಗಬಲ್ಲದು ಎಂಬುದು ಕಾಣಿಸತೊಡಗಿದೆ. ಈ ವ್ಯಾಜ್ಯಗಳಲ್ಲಿ ಕೆಲಸ ಮಾಡಿದವನ ಬಳಿ ಕಾಗದ ಇರುವುದಿಲ್ಲ. ಕಾಗದವೆಲ್ಲ ಕೆಲಸ ಮಾಡಿಸಿದವರ ಕಪಾಟಿನಲ್ಲಿ ಇರುತ್ತದೆ. ಉಳಿದ ಕಾನೂನಿನ ವಾದವೆಲ್ಲ ಅದರ ಆಚೆಗೆ ಶುರುವಾಗುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಕಾಟಿಪಳ್ಳದವರು. ನವಮಂಗಳೂರು ಬಂದರಿಗಾಗಿ ಮನೆ, ಗದ್ದೆ ಬಿಟ್ಟವರನ್ನು ಕೂರಿಸಿದ ಊರು ಅದು. ಅವರ ಅಜ್ಜನ ಕಾಲದ ಮನೆ ಈಗ ಬಂದರಿನ ಬೇಲಿಯ ಒಳಗೆ ಎಲ್ಲಿಯೋ ಇದೆಯಂತೆ. ಅವರು ಇರುವುದು ಕೇಂದ್ರ ಸರ್ಕಾರದ ವ್ಯಾಪ್ತಿಯ ಒಂದು ದೊಡ್ಡ ಉದ್ದಿಮೆಯ ನೀರು ಶುದ್ಧೀಕರಣ ಘಟಕದಲ್ಲಿ, ಪಂಪ್ ಆಪರೇಟರ್ ಆಗಿ. ಮೊದಲ ಬಾರಿ ಬಂದಾಗ ಒಂದು ಪ್ಲಾಸ್ಟಿಕ್ ಕವರಿನಿಂದ ಹಳೆಯ ಗೇಟ್ ಪಾಸುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಐದು ಪಾಸು, ಐದು ಗುತ್ತಿಗೆದಾರರ ಹೆಸರು. ಫೋಟೋ ಮಾತ್ರ ಒಬ್ಬರದೇ. ಮೊದಲನೆಯದರಲ್ಲಿ ಹಣೆಯವರೆಗೆ ಬಂದ ಕೂದಲು, ಮೂರನೆಯದರಲ್ಲಿ ಕನ್ನಡಕ, ಐದನೆಯದರಲ್ಲಿ ನೆತ್ತಿ ಬೋಳು. "ಟೆಂಡರ್ ಬದಲಾಯಿತು ಸರ್, ಪಂಪು ಅದೇ" ಎಂದರು.

ನಾನು ಅವರ ಭವಿಷ್ಯ ನಿಧಿಯ ಸೇವಾ ವಿವರವನ್ನು ಮೊಬೈಲಿನಲ್ಲಿ ತೆರೆಸಿದೆ. 2014ರಲ್ಲಿ ಯುಎಎನ್ ಎಂಬ ಒಂದೇ ಸಂಖ್ಯೆಯ ಪದ್ಧತಿ ಬಂದದ್ದು ಇಂಥವರಿಗೆ ಗೊತ್ತಿಲ್ಲದೆ ಆದ ಉಪಕಾರ. ಅದಕ್ಕೂ ಮೊದಲು ಪ್ರತಿ ಗುತ್ತಿಗೆದಾರನೂ ಬೇರೊಂದು ಪಿಎಫ್ ಸಂಖ್ಯೆ ಕೊಡುತ್ತಿದ್ದ, ಹಳೆಯದು ಎಲ್ಲಿ ಹೋಯಿತೋ ಕೇಳುವವರಿರಲಿಲ್ಲ. ಈಗ ಒಂದೇ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಒಂದರ ಕೆಳಗೊಂದು ಬರುತ್ತವೆ. ಒಬ್ಬನನ್ನು ಮಾರ್ಚ್ 31ಕ್ಕೆ ಬಿಟ್ಟು ಇನ್ನೊಬ್ಬನನ್ನು ಏಪ್ರಿಲ್ 1ಕ್ಕೆ ಸೇರಿದ್ದಾರೆ. ಮನುಷ್ಯ ರಾತ್ರಿ ಪಾಳಿಯಲ್ಲಿ ಇದ್ದ. ಅಂದರೆ ಮಧ್ಯರಾತ್ರಿಯವರೆಗೆ ಒಬ್ಬರ ನೌಕರ, ಆಮೇಲೆ ಇನ್ನೊಬ್ಬರ ನೌಕರ. ನಡುವೆ ಪಂಪು ನಿಂತಿರಲಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಏನು ಬೇಕು ಎಂದು ನನ್ನಂಥ ಲೆಕ್ಕದವನಿಗೆ ಅನ್ನಿಸಿದ್ದು ಸಹಜ. ನಮ್ಮ ಯೂನಿಯನ್ನಿನ ವಕೀಲರು ನಕ್ಕರು. ಇದು ಅವರು ಗುತ್ತಿಗೆದಾರರ ನೌಕರ ಎಂಬುದನ್ನೇ ಸಾಬೀತು ಮಾಡುತ್ತದೆ, ಎದುರಿನ ವಕೀಲರು ಇದನ್ನೇ ಮೊದಲು ಸಾಕ್ಷ್ಯವಾಗಿ ಗುರುತು ಹಾಕಿಸುತ್ತಾರೆ ಎಂದರು.

ಅವರ ಮಾತು ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಹೆಸರಿನಲ್ಲಿಯೇ ನಿಯಂತ್ರಣವೂ ಇದೆ, ರದ್ದತಿಯೂ ಇದೆ. ಹತ್ತನೆಯ ಕಲಮಿನಂತೆ, ವರ್ಷವಿಡೀ ನಡೆಯುವ ಕೆಲಸಕ್ಕೆ ಗುತ್ತಿಗೆ ಪದ್ಧತಿ ಬೇಡವೆಂದು ಸರ್ಕಾರ ಅಧಿಸೂಚನೆ ಹೊರಡಿಸಬಹುದು. ಹೊರಡಿಸಿದ ಮೇಲೆ ಆ ಕೆಲಸ ಮಾಡುತ್ತಿದ್ದವರ ಗತಿಯೇನು ಎಂಬುದನ್ನು ಮಾತ್ರ ಕಾಯ್ದೆ ಹೇಳಲಿಲ್ಲ. ಆ ಮೌನದೊಳಗೆ ಎಷ್ಟೋ ಮೊಕದ್ದಮೆಗಳು ಹುಟ್ಟಿದವು. 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ರದ್ದಾದ ಕೂಡಲೇ ಕಾರ್ಮಿಕರು ತಾವಾಗಿಯೇ ಮೂಲ ಮಾಲೀಕನ, ಅಂದರೆ ಗುತ್ತಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ, ನೌಕರರಾಗುತ್ತಾರೆ ಎಂದಿತು. ಐದು ವರ್ಷ ತುಂಬುವ ಮೊದಲೇ, 2001ರ ಆಗಸ್ಟ್ 30ರಂದು, ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಅಳಿಸಿಹಾಕಿತು. ಗುತ್ತಿಗೆ ರದ್ದಾದರೆ ತನ್ನಿಂದ ತಾನೇ ಯಾರೂ ಕಾಯಂ ಆಗುವುದಿಲ್ಲ. ಕಟ್ಟಡಗಳ ಗುಡಿಸುವ, ಒರೆಸುವ, ಕಾವಲು ಕಾಯುವ ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸಿದ್ದ 1976ರ ಡಿಸೆಂಬರ್ 9ರ ಕೇಂದ್ರ ಅಧಿಸೂಚನೆಯೂ ಊರ್ಜಿತವಲ್ಲ ಎಂದಿತು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಗುತ್ತಿಗೆ ಎನ್ನುವುದೇ ಬರೀ ತೋರಿಕೆಯದ್ದು, ಕಾನೂನಿನ ಕಣ್ಣಿಗೆ ಮಣ್ಣೆರಚಲು ಮಾಡಿದ ಏರ್ಪಾಡು ಎಂದು ಸಾಬೀತು ಮಾಡಿದರೆ ಕಾರ್ಮಿಕ ಮೂಲ ಮಾಲೀಕನ ನೌಕರನೇ. ಆದರೆ ಅದನ್ನು ಹೈಕೋರ್ಟಿನಲ್ಲಿ ರಿಟ್ ಹಾಕಿ ತೀರ್ಮಾನಿಸಲಾಗದು, ಸಾಕ್ಷಿ ವಿಚಾರಣೆ ನಡೆಸುವ ಕೈಗಾರಿಕಾ ನ್ಯಾಯಮಂಡಳಿಗೇ ಹೋಗಬೇಕು.

ತೋರಿಕೆಯದ್ದು ಎಂದು ತೋರಿಸುವುದು ಹೇಗೆ? ಸಂಬಳ ಕೊಡುವವರು ಯಾರು, ಕೆಲಸ ಹೇಳಿ ಮೇಲ್ವಿಚಾರಣೆ ಮಾಡುವವರು ಯಾರು ಎಂದು ನ್ಯಾಯಾಲಯ ಕೇಳುತ್ತದೆ. ನೇಮಕಾತಿ ಯಾರದು, ರಜೆ ಮಂಜೂರು ಮಾಡುವವರು, ಶಿಸ್ತು ಕ್ರಮ ತೆಗೆದುಕೊಳ್ಳುವವರು ಯಾರು ಎಂದು ಕೇಳುತ್ತದೆ. ಕಾಗದದ ಮೇಲೆ ಇವೆಲ್ಲಕ್ಕೂ ಉತ್ತರ ಗುತ್ತಿಗೆದಾರನೇ. ಎಲ್ಲ ದೊಡ್ಡ ಸಂಸ್ಥೆಗಳಿಗೂ ಒಳ್ಳೆಯ ಕಾನೂನು ವಿಭಾಗವಿದೆ. ಟೆಂಡರಿನ ಷರತ್ತುಗಳನ್ನು ಬರೆಯುವಾಗಲೇ ಮುಂದಿನ ಮೊಕದ್ದಮೆಯ ಉತ್ತರವನ್ನೂ ಬರೆದಿಡುತ್ತಾರೆ. ಇದರಲ್ಲಿ ಇನ್ನೊಂದು ಸಿಕ್ಕೂ ಇದೆ. ಗುತ್ತಿಗೆಯನ್ನು ರದ್ದು ಮಾಡಿ ಎಂದು ಕೇಳಿದರೆ ಗುತ್ತಿಗೆ ನಿಜವೆಂದು ಒಪ್ಪಿದಂತೆ. ತೋರಿಕೆಯದ್ದು ಎಂದರೆ ರದ್ದತಿ ಕೇಳುವಂತಿಲ್ಲ. ಎರಡನ್ನೂ ಒಟ್ಟಿಗೆ ಹೇಳುವುದು ಒಂದಕ್ಕೊಂದು ವಿರುದ್ಧವೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಷ್ಟೋ ಹಳೆಯ ಬೇಡಿಕೆ ಪತ್ರಗಳಲ್ಲಿ ಎರಡೂ ಒಂದೇ ಪ್ಯಾರಾದಲ್ಲಿವೆ. ಬರೆದವರು ಯೂನಿಯನ್ ಕಾರ್ಯದರ್ಶಿಗಳು, ನ್ಯಾಯ ಕೇಳುವ ಉತ್ಸಾಹದಲ್ಲಿ ಬರೆದದ್ದು.

ಈ ಬಗೆಯ ಜಗಳ ನಮ್ಮ ಜಿಲ್ಲೆಗೆ ಹೊಸದಲ್ಲ. ಬಂದರು, ಗೊಬ್ಬರದ ಕಾರ್ಖಾನೆಗಳು ಬರುವ ಎಷ್ಟೋ ಮೊದಲೇ ಇಲ್ಲಿ ಬೀಡಿ ಇತ್ತು. ನನ್ನ ಸೋದರತ್ತೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದದ್ದನ್ನು ನೋಡುತ್ತ ಬೆಳೆದವನು ನಾನು. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಬ್ರಾಂಚಿನಿಂದ ಬರುತ್ತಿತ್ತು, ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತಿತ್ತು, ನಡುವೆ ಒಬ್ಬ ಗುತ್ತಿಗೆದಾರ. ಕಂಪನಿಯ ಕೈ ಅತ್ತೆಯನ್ನು ಎಂದೂ ಮುಟ್ಟಲಿಲ್ಲ. ಬೀಡಿ ಕಟ್ಟುವವರು ನಮ್ಮ ನೌಕರರಲ್ಲ, ಗುತ್ತಿಗೆದಾರನವರು ಎಂಬುದೇ ಮಾಲೀಕರ ವಾದ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಆ ವಾದವನ್ನು ವ್ಯಾಖ್ಯೆಯಲ್ಲಿಯೇ ಮುರಿಯಿತು: ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದರೂ ಹೊಣೆ ಮೂಲ ಮಾಲೀಕನದು, ಮನೆಯಲ್ಲಿ ಕುಳಿತು ಕಟ್ಟಿದರೂ ನೌಕರಳೇ. ಕಾಯ್ದೆಯನ್ನು ಪ್ರಶ್ನಿಸಿ ದೇಶದ ಹಲವು ಬೀಡಿ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣ ಕಾನೂನು ಪುಸ್ತಕಗಳಲ್ಲಿ ಇಂದಿಗೂ ಇರುವುದು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ ಎಂಬ ಹೆಸರಿನಲ್ಲಿ. 1974ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಅತ್ತೆಗೆ ಈ ತೀರ್ಪು ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಬೀಡಿ ಪುಸ್ತಕ. ಮಳೆಗಾಲದಲ್ಲಿ ಅದನ್ನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದಳು. ವಾರವಾರ ಎಷ್ಟು ಸಾವಿರ ಕಟ್ಟಿದಳೆಂಬುದು ಅದರಲ್ಲಿತ್ತು, ಕೊನೆಗೆ ಪಿಂಚಣಿ ಬಂದದ್ದು ಅದರಿಂದ. ಮೊತ್ತ ಕೇಳಿದರೆ ನಗು ಬರುವಂಥದ್ದು, ಆದರೂ ಬಂದಿತು. ಪುಸ್ತಕ ಆಕೆಯ ಡಬ್ಬದಲ್ಲಿತ್ತು ಎಂಬ ಒಂದೇ ಕಾರಣಕ್ಕೆ.

ಕಾಟಿಪಳ್ಳದವರ ಬಳಿ ಅಂಥ ಪುಸ್ತಕವಿಲ್ಲ. ಇದೆ, ಆದರೆ ಅದು ಗೇಟಿನೊಳಗಿದೆ. ಪಂಪ್ ಮನೆಯಲ್ಲಿ ಪ್ರತಿ ಪಾಳಿಗೂ ಒಂದು ಲಾಗ್ ಪುಸ್ತಕ. ಗಂಟೆಗೊಮ್ಮೆ ಒತ್ತಡ, ನೀರಿನ ಮಟ್ಟ, ಎಷ್ಟನೆಯ ಪಂಪು ಓಡುತ್ತಿದೆ, ಕ್ಲೋರಿನ್ ಎಷ್ಟು, ಎಲ್ಲ ಬರೆದು ಕೆಳಗೆ ಸಹಿ. ಪಾಳಿ ಮುಗಿಯುವಾಗ ಕಂಪನಿಯ ಎಂಜಿನಿಯರ್ ಬಂದು ನೋಡಿ ತಾನೂ ಸಹಿ ಹಾಕುತ್ತಾನೆ. ಏನಾದರೂ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಸೂಚನೆ ಬರೆಯುತ್ತಾನೆ: ಎರಡನೆಯ ಪಂಪಿನ ಗ್ಲ್ಯಾಂಡ್ ಬಿಗಿ ಮಾಡಿ, ಫಿಲ್ಟರ್ ತೊಳೆಯಿರಿ. ಕೆಲಸ ಹೇಳುವವರು ಯಾರು ಎಂಬ ನ್ಯಾಯಾಲಯದ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇರಲಾರದು. ವರ್ಷಗಟ್ಟಲೆಯ ಆ ಉತ್ತರ ಅವರದೇ ಕೈಬರಹದಲ್ಲಿ ಇದೆ. ಆದರೆ ಅದರ ಒಂದು ಹಾಳೆಯನ್ನೂ ಅವರು ಹೊರಗೆ ತರುವಂತಿಲ್ಲ. ಗೇಟಿನಲ್ಲಿ ಮೊಬೈಲನ್ನೂ ಕೊಟ್ಟು ಹೋಗಬೇಕು.

ಈ ವಿಷಯದ ಮೇಲೆ ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣಗಳು ದೇಶಕ್ಕೆಲ್ಲ ಪಾಠವಾಗಿವೆ. ಹಾದಿಮನಿ ಎಂಬವರ ಪ್ರಕರಣದಲ್ಲಿ ಎದುರಾಳಿ ವಲಯ ಅರಣ್ಯಾಧಿಕಾರಿ. 240 ದಿನ ದುಡಿದೆ ಎಂದು ಕಾರ್ಮಿಕ ಪ್ರಮಾಣಪತ್ರ ಸಲ್ಲಿಸಿದರೆ ಸಾಲದು, ಸಾಬೀತುಪಡಿಸುವ ಹೊಣೆ ಅವನದೇ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅನಂತರ ಆ ಸಾಲನ್ನು ಉಲ್ಲೇಖಿಸದ ಆಡಳಿತ ಮಂಡಳಿಯ ವಕೀಲರಿಲ್ಲ. ಇನ್ನೊಂದು ಯಲ್ಲಟ್ಟಿ ಎಂಬವರದು, 2005ರ ನವೆಂಬರಿನ ತೀರ್ಪು. ಹೊಣೆ ಕಾರ್ಮಿಕನದೇ, ನಿಜ. ಆದರೆ ದಿನಗೂಲಿಯವನಿಗೆ ನೇಮಕಾತಿ ಪತ್ರವೂ ಇರುವುದಿಲ್ಲ, ರಶೀದಿಯೂ ಇರುವುದಿಲ್ಲ. ಅವನು ಕಟಕಟೆ ಹತ್ತಿ ಸಾಕ್ಷ್ಯ ನುಡಿಯಬಹುದು, ಹಾಜರಿ ಪಟ್ಟಿ ತರಿಸಿ ಎಂದು ಕೇಳಬಹುದು ಎಂದು ನ್ಯಾಯಾಲಯ ಒಪ್ಪಿತು. ಯಲ್ಲಟ್ಟಿಯವರು ಗೆದ್ದರು. ಗೆದ್ದದ್ದರ ಹಿಂದೆ ಒಬ್ಬ ಎಂಜಿನಿಯರ್ ಬರೆದುಕೊಟ್ಟಿದ್ದ ಸೇವಾ ಪ್ರಮಾಣಪತ್ರವಿತ್ತು. ಯಾರೋ ಒಬ್ಬ ಅಧಿಕಾರಿಗೆ ಒಂದು ದಿನ ಒಳ್ಳೆಯ ಬುದ್ಧಿ ಬಂದು ಇಂತಿಷ್ಟು ವರ್ಷ ಕೆಲಸ ಮಾಡಿದ್ದಾನೆ ಎಂದು ಬರೆದು ಸಹಿ ಹಾಕಿದ್ದರೆ ಕಾರ್ಮಿಕ ಬದುಕಿಕೊಂಡ. ಈಗಿನ ಎಂಜಿನಿಯರುಗಳು ಹಾಗೆ ಬರೆದುಕೊಡುವುದಿಲ್ಲ. ಬರೆಯಬಾರದೆಂದು ಅವರಿಗೆ ಹೇಳಿಕೊಟ್ಟಿರುತ್ತಾರೆ.

ಸರ್ಕಾರಿ ಕಚೇರಿಗಳ ಕಥೆ ಇದಕ್ಕಿಂತ ಭಿನ್ನ, ಅಲ್ಲಿ ಎಲ್ಲರೂ ಹೇಳುವ ಹೆಸರು ಉಮಾದೇವಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣ ಅದು. 2006ರ ಏಪ್ರಿಲ್ 10ರಂದು ಐವರ ಸಂವಿಧಾನ ಪೀಠ, ನಿಯಮದಂತೆ ಪರೀಕ್ಷೆ, ಜಾಹೀರಾತು, ಮೀಸಲಾತಿ ಇಲ್ಲದೆ ಒಳಗೆ ಬಂದವರನ್ನು ವರ್ಷಗಳು ಉರುಳಿದವು ಎಂಬ ಕಾರಣಕ್ಕೆ ಕಾಯಂ ಮಾಡುವಂತಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರಿಗೆ ಒಂದು ಬಾರಿಗೆ ಮಾತ್ರ ಸಕ್ರಮದ ಅವಕಾಶ ಕೊಟ್ಟಿತು. ತೀರ್ಪಿನ ಮೊದಲ ಭಾಗವನ್ನು ಇಲಾಖೆಗಳು ಕಂಠಪಾಠ ಮಾಡಿದವು, ಎರಡನೆಯ ಭಾಗವನ್ನು ಮರೆತವು. ಮರೆತದ್ದನ್ನು ನೆನಪಿಸಲು 2010ರಲ್ಲಿ ಕೇಸರಿ ಎಂಬವರ ಪ್ರಕರಣ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಅದೂ ನಮ್ಮ ರಾಜ್ಯದ್ದೇ.

ಉಮಾದೇವಿ ತೀರ್ಪನ್ನು ಶಪಿಸುವವರ ನಡುವೆ ನಾನು ಸಂಜೆ ಕಳೆಯುತ್ತೇನೆ, ಮನೆಗೆ ಹೋದರೆ ನನ್ನ ಅಕ್ಕನ ಮಗಳು ಅದನ್ನು ಸಮರ್ಥಿಸುತ್ತಾಳೆ. ಅವಳು ಮೂರು ವರ್ಷದಿಂದ ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. "ಮಾವ, ನಿಮ್ಮವರು ಹಿಂಬಾಗಿಲಿನಿಂದ ಹೋಗಿ ಕುಳಿತಿದ್ದಾರೆ. ಆ ಹುದ್ದೆಗೆ ಅರ್ಜಿ ಕರೆದಿದ್ದರೆ ನಾನೂ ಹಾಕುತ್ತಿದ್ದೆ. ನನಗೆ ಗೊತ್ತೇ ಆಗದ ಕೆಲಸ ಅವರಿಗೆ ಹೇಗೆ ಸಿಕ್ಕಿತು?" ಎಂದು ಕೇಳುತ್ತಾಳೆ. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಶಾಸಕರ ಶಿಫಾರಸು, ಅಧಿಕಾರಿಯ ನೆಂಟಸ್ತಿಕೆಯಿಂದ ಕುರ್ಚಿ ಹಿಡಿದವರನ್ನು ನಾನೂ ನೋಡಿದ್ದೇನೆ. ನಾನು ಬ್ಯಾಂಕಿಗೆ ಸೇರಿದ್ದು ಪರೀಕ್ಷೆ ಬರೆದು. ಆದರೆ ಅವಳು ಓದುತ್ತಿರುವುದು ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ. ವಾರ್ಡ್ ಒರೆಸುವ ಕೆಲಸಕ್ಕೆ, ಚರಂಡಿ ತೆಗೆಯುವ ಕೆಲಸಕ್ಕೆ ಹಿಂಬಾಗಿಲಿನಲ್ಲಿ ನೂಕುನುಗ್ಗಲು ಇರುವುದನ್ನು ನಾನು ಕಂಡಿಲ್ಲ. ಅರ್ಜಿ ಕರೆಯದೆ ಇದ್ದದ್ದು ಇಲಾಖೆಯ ತಪ್ಪು. ಅದರ ಫಲವನ್ನು ಇಪ್ಪತ್ತು ವರ್ಷ ಉಂಡದ್ದೂ ಇಲಾಖೆಯೇ. ದಂಡ ಕಟ್ಟುವವರು ಮಾತ್ರ ಗುಡಿಸಿದವರು. ನಮ್ಮಿಬ್ಬರ ಈ ಜಗಳ ಸಾಮಾನ್ಯವಾಗಿ ಅಕ್ಕ ಊಟಕ್ಕೆ ಕರೆಯುವವರೆಗೆ ನಡೆಯುತ್ತದೆ.

ರಾಜ್ಯ ಸರ್ಕಾರ ಒಂದು ಮಧ್ಯದ ದಾರಿ ಹುಡುಕಿತ್ತು. 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಬಂದು, ಪಟ್ಟಿಯಲ್ಲಿ ಹೆಸರಿದ್ದವರು ಅರವತ್ತರವರೆಗೆ ಕೆಲಸದಲ್ಲಿ ಉಳಿಯಬಹುದು ಎಂದಿತು. ಕಾಯಂ ಎನ್ನಲಿಲ್ಲ, ತೆಗೆಯುತ್ತೇವೆ ಎಂದೂ ಹೇಳಲಿಲ್ಲ. ಪೌರಕಾರ್ಮಿಕರು ಇಂಥ ಅರೆಬರೆಗೆ ಒಪ್ಪಲಿಲ್ಲ. 2017ರ ಸುಮಾರಿಗೆ ಗುತ್ತಿಗೆದಾರರನ್ನು ತೆಗೆದು ಪಾಲಿಕೆಯಿಂದಲೇ ನೇರ ಪಾವತಿ ಎಂಬ ವ್ಯವಸ್ಥೆ ಬಂದಿತು. 2022ರ ಜುಲೈಯಲ್ಲಿ ರಾಜ್ಯದಾದ್ಯಂತ ಅವರು ಪೊರಕೆ ಕೆಳಗಿಟ್ಟರು. ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ 11,133 ಮಂದಿಯನ್ನು ಕಾಯಂಗೊಳಿಸಲು ತೀರ್ಮಾನಿಸಿತು. ಕಸದ ವಾಹನದ ಚಾಲಕರು, ಲೋಡರುಗಳು, ಒಳಚರಂಡಿ ಕೆಲಸದವರು ಆ ಲೆಕ್ಕದ ಹೊರಗೆ ಉಳಿದರು. ಒಂದೇ ಬೀದಿಯ ಕಸವನ್ನು ಗುಡಿಸಿದವಳು ಒಂದು ಪಟ್ಟಿಯಲ್ಲಿ, ಅದನ್ನು ಲಾರಿಗೆ ಎತ್ತಿ ಹಾಕಿದವನು ಇನ್ನೊಂದರಲ್ಲಿ. ನ್ಯಾಯಾಲಯದ ಮೆಟ್ಟಿಲು ಹತ್ತಿ ಅಷ್ಟು ಜನ ಅಷ್ಟು ಬೇಗ ಕಾಯಂ ಆದದ್ದನ್ನು ನಾನು ಕೇಳಿಲ್ಲ. ನಾಲ್ಕು ದಿನ ಕಸ ಬಿದ್ದಿರುವುದಕ್ಕೆ ಸಾಕ್ಷಿ ವಿಚಾರಣೆ ಬೇಕಾಗುವುದಿಲ್ಲ.

ಎಲ್ಲ ಗುತ್ತಿಗೆಯೂ ಮೋಸ ಎನ್ನುವವರ ಜೊತೆ ನಾನಿಲ್ಲ. ದೊಡ್ಡ ಸ್ಥಾವರಗಳನ್ನು ದುರಸ್ತಿಗಾಗಿ ಕೆಲವು ವಾರ ನಿಲ್ಲಿಸುತ್ತಾರೆ. ಇಲ್ಲಿ ಎಲ್ಲರೂ ಶಟ್‌ಡೌನ್ ಎನ್ನುವುದು ಅದಕ್ಕೇ. ಆಗ ಸುರತ್ಕಲ್, ಕಾನ, ಬಾಳ ಕಡೆಯ ಬಾಡಿಗೆ ಕೋಣೆಗಳೆಲ್ಲ ಹೊರರಾಜ್ಯದ ವೆಲ್ಡರುಗಳು, ಫಿಟ್ಟರುಗಳಿಂದ ತುಂಬುತ್ತವೆ. ಕೆಲಸ ಮುಗಿದರೆ ಅವರು ಇನ್ನೊಂದು ಸ್ಥಾವರಕ್ಕೆ ಹೋಗುತ್ತಾರೆ, ಒಳ್ಳೆಯ ದುಡ್ಡನ್ನೂ ಎಣಿಸುತ್ತಾರೆ. ಅದು ನಿಜವಾದ ಗುತ್ತಿಗೆ. ಕ್ಯಾಂಟೀನು ಹಾಗಲ್ಲ. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕ್ಯಾಂಟೀನ್ ಇರಲೇಬೇಕೆಂದು ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ಆ ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸುವವನು ಯಾರ ನೌಕರ ಎಂದರೆ, ಕಾರ್ಖಾನೆ ಕಾಯ್ದೆಯ ಮಟ್ಟಿಗೆ ಕಾರ್ಖಾನೆಯವನು, ಉಳಿದೆಲ್ಲಕ್ಕೂ ಗುತ್ತಿಗೆದಾರನವನು ಎಂದು ತೀರ್ಪುಗಳು ಬಂದಿವೆ. ಓದಿದಾಗ ನನಗೆ ನಗು ಬಂದಿತು. ಇಡ್ಲಿ ಬೇಯಿಸುವವರ ಮುಂದೆ ವಿವರಿಸುವಾಗ ಬರಲಿಲ್ಲ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2024ರ ಡಿಸೆಂಬರ್ 20ರಂದು ಜಗ್ಗೋ ಎಂಬ ಮಹಿಳೆ ಮತ್ತು ಜೊತೆಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕೋಣೆಯಲ್ಲಿ ಹಬ್ಬದ ಸುದ್ದಿಯಂತೆ ಹರಡಿತು. ಅವರು ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಗುಡಿಸುವವರು, ತೋಟದ ಕೆಲಸದವರು; 2018ರಲ್ಲಿ ಒಂದೇ ಏಟಿಗೆ ಹೊರಹಾಕಿಸಿಕೊಂಡವರು. ವರ್ಷಗಟ್ಟಲೆ ನಡೆಯುವ ಅಗತ್ಯದ ಕೆಲಸಕ್ಕೆ ತಾತ್ಕಾಲಿಕ ಎಂದು ಚೀಟಿ ಅಂಟಿಸಿ, ಉಮಾದೇವಿ ತೀರ್ಪನ್ನು ಕಾರ್ಮಿಕರ ವಿರುದ್ಧ ಆಯುಧವಾಗಿ ಬಳಸುವಂತಿಲ್ಲ, ಹೊರಗುತ್ತಿಗೆಯನ್ನು ಗುರಾಣಿಯಾಗಿ ಹಿಡಿಯುವಂತಿಲ್ಲ ಎಂದು ಹೇಳಿ ಅವರನ್ನು ಸಕ್ರಮಗೊಳಿಸಲು ಆದೇಶಿಸಿತು. 2025ರ ಜನವರಿಯಲ್ಲಿ ಗಾಜಿಯಾಬಾದ್ ನಗರಪಾಲಿಕೆಯ ತೋಟಗಾರರ ಪರವಾಗಿಯೂ, ಆಗಸ್ಟಿನಲ್ಲಿ ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ದಿನಗೂಲಿಯವರ ಪರವಾಗಿಯೂ ಅದೇ ಧಾಟಿಯ ತೀರ್ಪುಗಳು ಬಂದವು. ನಾನು ಮೂರನ್ನೂ ಮುದ್ರಿಸಿ ಗೋಡೆಗೆ ಅಂಟಿಸಿದ್ದೇನೆ. ಆದರೆ ಇವು ಇಬ್ಬರು ನ್ಯಾಯಮೂರ್ತಿಗಳ ಪೀಠದವು, ಆ ಕಡೆ 2001 ಮತ್ತು 2006ರ ಐವರ ಪೀಠಗಳು ಹಾಗೆಯೇ ನಿಂತಿವೆ ಎಂದು ವಕೀಲರು ಪ್ರತಿ ಬಾರಿ ನೆನಪಿಸುತ್ತಾರೆ. ಇನ್ನೊಂದು ವ್ಯತ್ಯಾಸವೂ ಇದೆ: ಜಗ್ಗೋ ಕೆಲಸ ಮಾಡಿದ್ದು ನೇರ ಆಯೋಗಕ್ಕೆ. ನಮ್ಮವರ ನಡುವೆ ಒಬ್ಬ ಗುತ್ತಿಗೆದಾರ ನಿಂತಿದ್ದಾನೆ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಸಂಸ್ಥೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದು ಎಂಬುದು ಕೇಳಲು ಚೆನ್ನಾಗಿದೆ. ಆದರೆ ಗುಡಿಸುವುದು, ಕಾವಲು, ಕ್ಯಾಂಟೀನ್, ತುಂಬುವುದು ಇಳಿಸುವುದು, ತೋಟ ಇವನ್ನೆಲ್ಲ ಮುಖ್ಯ ಚಟುವಟಿಕೆ ಅಲ್ಲವೆಂದು ಮೊದಲೇ ಪಟ್ಟಿ ಮಾಡಿಟ್ಟಿದ್ದಾರೆ, ಸಂಸ್ಥೆಯೇ ಆ ಕೆಲಸಕ್ಕಾಗಿ ಸ್ಥಾಪನೆಯಾಗಿದ್ದರೆ ಮಾತ್ರ ಬೇರೆ ಮಾತು. ಯಾರ ಬಗ್ಗೆ ಈ ಐವತ್ತು ವರ್ಷ ಹೆಚ್ಚು ಜಗಳವಾಯಿತೋ ಅವರೇ ಈ ರಕ್ಷಣೆಯ ಹೊರಗೆ. ಹಿಂದೆ ಇಪ್ಪತ್ತು ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದ ಗುತ್ತಿಗೆಯ ಕಟ್ಟುಪಾಡು ಈಗ ಐವತ್ತಕ್ಕೆ ಏರಿದೆ. ನಲವತ್ತೊಂಬತ್ತಕ್ಕೆ ನಿಲ್ಲುವ ಗುತ್ತಿಗೆದಾರರು ನಮ್ಮ ಬೈಕಂಪಾಡಿಯಲ್ಲಿ ಬೇಗ ಹೆಚ್ಚಾಗುತ್ತಾರೆ ಎಂದು ನಾನು ಪಣ ಕಟ್ಟಬಲ್ಲೆ. ಒಂದು ಒಳ್ಳೆಯದು, ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂದಿದೆ. ಕಾಗದ ಕಡೆಗೂ ಕಾರ್ಮಿಕನ ಕೈಗೆ ಬರುತ್ತದೆ. ಅದರ ಮೇಲಿನ ಹೆಸರು ಗುತ್ತಿಗೆದಾರನದೇ ಆಗಿರುತ್ತದೆ ಎಂಬುದನ್ನು ಊಹಿಸಲು ವಕೀಲರು ಬೇಕಾಗಿಲ್ಲ.

ಕಾಟಿಪಳ್ಳದವರ ವಿವಾದ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಸಂಧಾನಕ್ಕೆ ಹೋಗಿ ಮುರಿದುಬಿದ್ದು, ಈಗ ಬೆಂಗಳೂರಿನ ಕೇಂದ್ರ ಕೈಗಾರಿಕಾ ನ್ಯಾಯಮಂಡಳಿಯಲ್ಲಿದೆ. ಅದೇ ಹೆದ್ದಾರಿಯ ಆ ಬದಿಯ ಖಾಸಗಿ ಕಾರ್ಖಾನೆಯವರಾಗಿದ್ದರೆ ಮಂಗಳೂರಿನ ಕಾರ್ಮಿಕ ನ್ಯಾಯಾಲಯವೇ ಆಗುತ್ತಿತ್ತು. ಇವರು ಮಾತ್ರ ರಾತ್ರಿ ಪಾಳಿ ಬದಲಿಸಿಕೊಂಡು, ಶಿರಾಡಿ ಘಾಟಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಹನ್ನೊಂದಕ್ಕೆ ಹೆಸರು ಕೂಗಿಸಿಕೊಂಡು, ಮುಂದಿನ ತಾರೀಖು ಬರೆದುಕೊಂಡು ಅದೇ ರಾತ್ರಿ ಮರಳಬೇಕು. ಎರಡು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಅಡ್ಡ ವಿಚಾರಣೆಯಲ್ಲಿ ಎದುರಿನ ವಕೀಲರು ಕೇಳಿದ್ದು ಚುಟುಕಾಗಿತ್ತು. ನಿಮಗೆ ಕಂಪನಿಯಿಂದ ನೇಮಕಾತಿ ಪತ್ರ ಬಂದಿದೆಯೇ? ಇಲ್ಲ. ಸಂಬಳ ಬರುವುದು ಗುತ್ತಿಗೆದಾರನ ಖಾತೆಯಿಂದಲೇ? ಹೌದು. ಈ ಪಿಎಫ್ ವಿವರ ನಿಮ್ಮದೇ? ಹೌದು. ಲಾಗ್ ಪುಸ್ತಕದ ವಿಷಯ ಅವರಾಗಿಯೇ ಹೇಳಲು ಹೋದಾಗ, ಕೇಳಿದ್ದಕ್ಕಷ್ಟೇ ಉತ್ತರಿಸಿ ಎಂದರಂತೆ.

ನಮ್ಮ ವಕೀಲರು ಲಾಗ್ ಪುಸ್ತಕಗಳನ್ನೂ ಗೇಟಿನ ಪ್ರವೇಶ ದಾಖಲೆಯನ್ನೂ ಹಾಜರುಪಡಿಸಲು ಆದೇಶಿಸುವಂತೆ ಅರ್ಜಿ ಹಾಕಿದರು. ಆಕ್ಷೇಪಣೆ ಬಂದಿತು: ಇತ್ತೀಚಿನ ಮೂರು ವರ್ಷದ ಪುಸ್ತಕಗಳು ಮಾತ್ರ ಇವೆ, ಹಳೆಯವನ್ನು ನಿಯಮದಂತೆ ವಿಲೇವಾರಿ ಮಾಡಲಾಗಿದೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಕಾಟಿಪಳ್ಳದವರು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಗುಜರಿಗೆ ಹೋಗಿದ್ದರೆ ಲಾರಿಗೆ ತುಂಬಿದವರು ನಮ್ಮ ಹುಡುಗರೇ ಅಲ್ಲವೇ? ಯಾವಾಗ ತುಂಬಿದರು ಎಂದು ಕೇಳಿದರೆ ಆಯಿತು" ಎಂದರು. ಕೇಳಿದರು ಕೂಡ. ವಿವಾದ ನ್ಯಾಯಮಂಡಳಿಗೆ ಹೋದ ಮೇಲೆಯೇ ತುಂಬಿದ್ದು ಎಂದು ಇಬ್ಬರು ಹೇಳುತ್ತಾರೆ. ಇಬ್ಬರೂ ಬೇರೊಬ್ಬ ಗುತ್ತಿಗೆದಾರನ ಕೆಳಗೆ ಈಗಲೂ ಒಳಗೆ ಕೆಲಸದಲ್ಲಿದ್ದಾರೆ, ಅವರ ಟೆಂಡರ್ ಮಾರ್ಚಿಗೆ ಮುಗಿಯುತ್ತದೆ. ಸಾಕ್ಷಿ ಹೇಳಲು ಒಬ್ಬ ಒಪ್ಪಿದ್ದಾನೆ. ಇನ್ನೊಬ್ಬ ಹೊಸ ಟೆಂಡರಿನಲ್ಲಿ ಹೆಸರು ಬಂದ ಮೇಲೆ ತಿಳಿಸುತ್ತೇನೆ ಎಂದಿದ್ದಾನೆ.